ಮದುವೆ ಕಾಗದದ ಮೂಲೆಯ ಆರ್.ಎಸ್.ವಿ.ಪಿ.: ಕನ್ನಡ ಬದಿಯಲ್ಲಿ ಎಂತ ಬರೆಯುವುದು?

ಬದಿಯಡ್ಕದ ತಾಯಿ

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಮಗಳ ಮದುವೆ. ಹೇಳಿಕೆ ಕಾಗದದ ಮೊದಲ ಪ್ರೂಫ್ ಬಂದಿದೆ. ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಅಳಿಯನ ಆಫೀಸಿನವರಿಗೆ, ಮಗಳ ಜತೆ ಎರ್ನಾಕುಳದಲ್ಲಿ ಕಲಿತವರಿಗೆ ಕನ್ನಡ ಓದಲಿಕ್ಕೆ ಬರುವುದಿಲ್ಲ. ಹಾಗಾಗಿ ಎರಡೂ ಬೇಕಾಯಿತು.

ಇಂಗ್ಲಿಷ್ ಬದಿಯ ಕೆಳಗೆ ಎಡಮೂಲೆಯಲ್ಲಿ ‘ಆರ್.ಎಸ್.ವಿ.ಪಿ.’ ಅಂತ ಹಾಕಿ, ಅದರಡಿ ನಮ್ಮ ಭಾವನವರ, ಮೈದುನನ, ನನ್ನ ಅಣ್ಣನ ಹೆಸರು ಸಾಲಾಗಿ ಉಂಟು. ಕನ್ನಡ ಬದಿಯಲ್ಲಿ ಅದೇ ಮೂಲೆ, ಅದೇ ಹೆಸರುಗಳು, ಮೇಲೆ ಮಾತ್ರ ‘ಸುಖಾಗಮನಾಭಿಲಾಷಿಗಳು’. ಪ್ರೂಫ್ ತಿದ್ದುತ್ತಿದ್ದ ಮಗಳು ಕೇಳಿದಳು: “ಅಮ್ಮ, ಇದೂ ಅದೂ ಒಂದೆಯಾ?” ನನಗೆ ಹೇಳಲಿಕ್ಕೆ ಆಗಲಿಲ್ಲ. ಮನೆಯಲ್ಲಿ ಕೇಳಿದರೆ ಒಬ್ಬರು ‘ಮನೆಯ ಹಿರಿಯರು’ ಅಂತ ಅರ್ಥ ಅಂದರು, ಇನ್ನೊಬ್ಬರು ‘ಸ್ವಾಗತ ಕೋರುವವರು’ ಅಂದರು. ಪೆಟ್ಟಿಗೆಯಿಂದ ಹಳೆಯ ಕಾಗದಗಳನ್ನು ತೆಗೆದು ನೋಡಿದೆ. 1991ರ ನನ್ನ ಮದುವೆಯದರಲ್ಲಿಯೂ ಆ ನಾಲ್ಕು ಅಕ್ಷರ ಉಂಟು, ಅಡಿಯಲ್ಲಿ ನನ್ನ ದೊಡ್ಡಪ್ಪನ ಹೆಸರು. ಆಮೇಲೆ ನಮ್ಮಲ್ಲಿ ಆದ ಎಲ್ಲ ಜೆಂಬರದ (ಶುಭಕಾರ್ಯದ) ಕಾಗದದಲ್ಲಿಯೂ ಉಂಟು.

ನನಗೆ ಇದು ಸಣ್ಣ ವಿಷಯ ಅಂತ ಕಾಣುವುದಿಲ್ಲ. ಕರೆಯುವ ಕಾಗದದಲ್ಲಿ ಇರುವ ಒಂದೊಂದು ಮಾತೂ ನಾವು ಬಾಯಾರೆ ಹೇಳಿದ ಹಾಗೆ. ಎಂತ ಹೇಳುತ್ತಿದ್ದೇವೆ ಅಂತ ನಮಗೇ ಗೊತ್ತಿಲ್ಲದಿದ್ದರೆ ಹೇಗೆ? ಇದರ ಸರಿಯಾದ ಅರ್ಥ ಎಂತ, ಕನ್ನಡ ಬದಿಯಲ್ಲಿ ಅದರ ಜಾಗದಲ್ಲಿ ಎಂತ ಬರೆಯಬೇಕು, ತಿಳಿದವರು ಹೇಳಿ. ಪ್ರೂಫ್ ವಾಪಸು ಕೊಡಲಿಕ್ಕೆ ಒಂದು ವಾರ ಸಮಯ ಉಂಟು.

ಕುಂಬಳೆಯ ಡಿಟಿಪಿ

ಅಕ್ಕ, ನಾನು ಕಂಪ್ಯೂಟರಿನಲ್ಲಿ ಇಂಥ ಕಾಗದಗಳನ್ನು ಅಚ್ಚಿಗೆ ಜೋಡಿಸುವ ಕೆಲಸವನ್ನೇ ಮಾಡುವವನು. ಹತ್ತರಲ್ಲಿ ಒಂಬತ್ತು ಮನೆಯವರು ಹಳೆಯ ಕಾಗದ ಒಂದನ್ನು ತಂದು, “ಇದೇ ರೀತಿ ಮಾಡಿ, ಹೆಸರು, ದಿನ ಮಾತ್ರ ಬದಲು” ಅನ್ನುತ್ತಾರೆ. ಹಳೆಯದರಲ್ಲಿ ಇದ್ದದ್ದು ಹೊಸದಕ್ಕೆ ಬರುತ್ತದೆ. ಕೆಲವರು ಕನ್ನಡ ಬದಿಯಲ್ಲಿಯೂ ಕನ್ನಡ ಅಕ್ಷರದಲ್ಲಿ ‘ಆರ್.ಎಸ್.ವಿ.ಪಿ.’ ಅಂತಲೇ ಹಾಕಿಸುತ್ತಾರೆ. ಇದು ಇಂಗ್ಲಿಷ್ ಅಲ್ಲ, ಫ್ರೆಂಚ್ ಅಂತ ಕೇಳಿದ್ದೇನೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ಪೆರ್ಲದ ಟೀಚರ್ ಇಲ್ಲಿ ಇದ್ದಾರಲ್ಲ, ಅವರು ಹೇಳಲಿ.

ಪೆರ್ಲದ ನಿವೃತ್ತ ಟೀಚರ್

ಹೌದು, ಫ್ರೆಂಚ್. ಪೂರ್ತಿ ಮಾತು ‘ರೆಪೋಂದೇ ಸಿಲ್ ವು ಪ್ಲೆ’. ಅದರ ನಾಲ್ಕು ಮೊದಲಕ್ಷರ ಸೇರಿ ಆರ್.ಎಸ್.ವಿ.ಪಿ. ಅರ್ಥ ‘ದಯವಿಟ್ಟು ಉತ್ತರ ಕೊಡಿ’. ನೀವು ಬರುತ್ತೀರೋ ಇಲ್ಲವೋ ಅದನ್ನು ಕರೆದವರಿಗೆ ತಿಳಿಸಿ ಅಂತ ಕೇಳುವ ಮಾತು. ‘ಹಿರಿಯರು’ ಅಲ್ಲ, ‘ಸ್ವಾಗತ ಕೋರುವವರು’ ಅಲ್ಲ, ಸುಖಾಗಮನಾಭಿಲಾಷಿಗಳೂ (ಸುಖವಾಗಿ ಬರಲಿ ಅಂತ ಬಯಸುವವರು) ಅಲ್ಲ.

ಇಂಗ್ಲಿಷರ ಕಾಗದಕ್ಕೆ ಫ್ರೆಂಚ್ ಯಾಕೆ ಬಂತು ಅಂದರೆ, 18, 19ನೆಯ ಶತಮಾನದಲ್ಲಿ ಯುರೋಪಿನ ಅರಮನೆಗಳಲ್ಲಿ, ರಾಯಭಾರಿಗಳ ನಡುವೆ ನಡೆಯುತ್ತಿದ್ದ ಭಾಷೆ ಫ್ರೆಂಚ್. ಮರ್ಯಾದೆಯ ಮಾತು ಫ್ರೆಂಚಿನಲ್ಲಿರಬೇಕು ಅಂತ ಇಂಗ್ಲೆಂಡಿನ ದೊಡ್ಡ ಮನೆಯವರಿಗೂ ಇತ್ತು. ನಡವಳಿಕೆಯ ನಿಯಮಕ್ಕೆ ಇಂಗ್ಲಿಷಿನಲ್ಲಿ ‘ಎಟಿಕೆಟ್’ ಅನ್ನುತ್ತಾರಲ್ಲ, ಅದೂ ಫ್ರೆಂಚ್. ಮೂಲದಲ್ಲಿ ಅಂಟಿಸುವ ಚೀಟಿ ಅಂತ ಅರ್ಥ. ನಾವು ಬಸ್ಸಿನಲ್ಲಿ ತೆಗೆಯುವ ‘ಟಿಕೆಟ್’ ಅದೇ ಬೇರಿನದು. ಈಗಿನ ಮದುವೆಯ ‘ಬುಫೆ’ ಊಟ ಫ್ರೆಂಚ್, ಕೈಯಲ್ಲಿ ಕೊಡುವ ‘ಬೊಕೆ’ ಫ್ರೆಂಚ್, ಊಟದ ‘ಕೂಪನ್’ ಫ್ರೆಂಚ್. ಬುಫೆ ಅಂದರೆ ಅಲ್ಲಿ ಊಟದ ಸಾಮಾನು ಇಡುವ ಮೇಜು, ಕಪಾಟು. ಹೀಗೆ ಒಂದು ಕಲ್ಯಾಣಮಂಟಪಕ್ಕೆ ಹೋಗಿ ಬರುವುದರೊಳಗೆ ನಾವು ಎಷ್ಟೋ ಫ್ರೆಂಚ್ ಶಬ್ದ ಬಳಸಿ ಆಗಿರುತ್ತದೆ.

ಇನ್ನೊಂದು ಮಾತು. ಕೆಲವು ಕಾಗದದಲ್ಲಿ ‘ಪ್ಲೀಸ್ ಆರ್.ಎಸ್.ವಿ.ಪಿ.’ ಅಂತ ಇರುತ್ತದೆ. ‘ದಯವಿಟ್ಟು’ ಅನ್ನುವುದು ಆ ನಾಲ್ಕಕ್ಷರದೊಳಗೇ ಉಂಟು, ಮತ್ತೆ ಪ್ಲೀಸ್ ಬೇಡ. ಅದಕ್ಕಿಂತಲೂ, ‘ಪ್ಲೀಸ್’ ಅನ್ನುವ ಇಂಗ್ಲಿಷ್ ಶಬ್ದ ಬಂದದ್ದೇ ಹಳೆಯ ಫ್ರೆಂಚಿನಿಂದ. ಆರ್.ಎಸ್.ವಿ.ಪಿ.ಯ ಕೊನೆಯ ‘ಪ್ಲೆ’ಯೂ ಪ್ಲೀಸೂ ಒಂದೇ ಬೇರಿನವು. ಆದರೆ ಇದನ್ನು ದೊಡ್ಡ ತಪ್ಪು ಅಂತ ನಾನು ಮಕ್ಕಳಿಗೆ ಅಂಕ ಕಳೆಯುತ್ತಿರಲಿಲ್ಲ. ನಾವು ‘ಗೇಟುಬಾಗಿಲು’, ‘ನಡುಮಧ್ಯೆ’ ಅನ್ನುವುದಿಲ್ಲವೇ? ಮೂಲದ ಅರ್ಥ ಮಾಸಿದ ಮೇಲೆ ನಾಲಿಗೆ ಇನ್ನೊಂದನ್ನು ಸೇರಿಸಿಕೊಳ್ಳುತ್ತದೆ.

ಕುಂಬಳೆಯ ಡಿಟಿಪಿ

ಹಾಗಾದರೆ ಅದರಡಿ ಅಣ್ಣತಮ್ಮಂದಿರ ಹೆಸರು ಯಾಕೆ ಬಂತು ಟೀಚರ್?

ಪೆರ್ಲದ ನಿವೃತ್ತ ಟೀಚರ್

ಉತ್ತರ ಯಾರಿಗೆ ಕೊಡಬೇಕು ಅಂತ ಹೇಳಬೇಕಲ್ಲ. ಮದುಮಗಳ ತಂದೆ ತಾಯಿಗೆ ಆ ದಿನಗಳಲ್ಲಿ ನೂರು ಕೆಲಸ. ಅದಕ್ಕೆ ಮನೆಯ ಇನ್ನೊಬ್ಬರ ಹೆಸರು, ವಿಳಾಸ ಅಲ್ಲಿ ಕೊಡುವುದು, ಉತ್ತರ ಅವರಿಗೆ ಬರಲಿ ಅಂತ. ನಮ್ಮಲ್ಲಿ ಕಾಲ ಹೋದ ಹಾಗೆ ವಿಳಾಸ ಬಿಟ್ಟುಹೋಯಿತು, ಹೆಸರು ಉಳಿಯಿತು. ಒಬ್ಬರ ಹೆಸರು ಹಾಕಿ ಇನ್ನೊಬ್ಬರದು ಬಿಟ್ಟರೆ ಬೇಸರ, ಹಾಗಾಗಿ ಎಲ್ಲರದ್ದೂ ಸೇರಿತು. ಕೊನೆಗೆ ಅದು ಗೌರವದ ಪಟ್ಟಿ ಆಯಿತು. ಇದು ನನ್ನ ಊಹೆ, ಆದರೆ ಹಳೆಯ ಕಾಗದಗಳನ್ನು ನೋಡಿದರೆ ನಿಮಗೂ ಹಾಗೆಯೇ ಕಂಡೀತು.

ಬದಿಯಡ್ಕದ ತಾಯಿ

ಟೀಚರ್, ನೀವು ಹೇಳಿದ್ದು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಪುನಃ 1991ರ ಕಾಗದ ತೆಗೆದು ನೋಡಿದೆ. ದೊಡ್ಡಪ್ಪನ ಹೆಸರಿನ ಕೆಳಗೆ ಅವರ ಮನೆಯ ವಿಳಾಸ, ಪಿನ್ ಕೋಡ್ ಸಮೇತ ಉಂಟು. ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಮದುವೆಗೆ ಮೊದಲು ಅವರ ಜಗಲಿಯಲ್ಲಿ, ಗಡಿಯಾರದ ಪಕ್ಕ, ಕಾಗದ ಚುಚ್ಚುವ ಒಂದು ತಂತಿ ತೂಗುತ್ತಿತ್ತು. ಅದರಲ್ಲಿ ಅಂಚೆ ಕಾರ್ಡುಗಳು, ಇನ್‌ಲ್ಯಾಂಡ್ ಪತ್ರಗಳು. ಮುಂಬಯಿಯ ಅತ್ತೆಯದ್ದು, ಮಡಿಕೇರಿಯವರದ್ದು, ಹೀಗೆ. ಸಂಜೆ ಅವರು ಒಂದೊಂದನ್ನೇ ತೆಗೆದು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು. ಆಗ ನಾನು ಅದು ಬರೀ ಕಾಗದ ಪತ್ರ ಅಂದುಕೊಂಡಿದ್ದೆ. ಅವರಿಗೆ ಆ ನಾಲ್ಕಕ್ಷರದ ಅರ್ಥ ಚೆನ್ನಾಗಿ ಗೊತ್ತಿತ್ತು. ಆಮೇಲಿನ ಕಾಗದಗಳಲ್ಲಿ ವಿಳಾಸ ಇಲ್ಲ.

ಪುದುಚೇರಿಯಲ್ಲಿರುವ ಮಂಜೇಶ್ವರದವ

ಟೀಚರ್ ಹೇಳಿದ್ದು ಸರಿ. ಇಲ್ಲಿ ಫ್ರೆಂಚ್ ಕಲಿಯುವಾಗ ನನಗೆ ಈ ಮಾತಿನ ಒಳಗಿನ ಕಟ್ಟು ಬಹಳ ಇಷ್ಟವಾಗಿತ್ತು, ಅದನ್ನು ಹೇಳುತ್ತೇನೆ.

‘ರೆಪೋಂದೇ’ ಅಂದರೆ ‘ಉತ್ತರಿಸಿ’, ಬಹುವಚನ. ‘ಸಿಲ್’ ಅಂದರೆ ‘ಅದು... ಆದರೆ’. ‘ವು’ ಅಂದರೆ ಇಲ್ಲಿ ‘ನಿಮಗೆ’. ‘ಪ್ಲೆ’ ಅಂದರೆ ‘ಹಿತವಾಗುತ್ತದೆ’. ಅಕ್ಷರಕ್ಕಕ್ಷರ ಹೇಳಿದರೆ ‘ಅದು ನಿಮಗೆ ಹಿತವಾದರೆ, ಉತ್ತರಿಸಿ’. ಇಂಗ್ಲಿಷ್ ಕಲಿತವರಿಗೆ ಈ ‘ನಿಮಗೆ’ ಕಷ್ಟವಾಗುತ್ತದೆ. ನಮಗೆ ಅದು ಮನೆಯ ಮಾತು. ನಾವು ‘ನಿಮಗೆ ಇಷ್ಟವಾದರೆ’, ‘ನಿಮಗೆ ಮನಸ್ಸಾದರೆ’ ಅನ್ನುತ್ತೇವೆ. ಹಿತ ಆಗುವುದು ನಮಗೆ, ಹಸಿವಾಗುವುದು ನಮಗೆ, ನೆನಪಾಗುವುದು ನಮಗೆ. ಫ್ರೆಂಚಿನ ಈ ಒಂದು ಮೂಲೆ ಕನ್ನಡಕ್ಕೆ ಹತ್ತಿರ.

ಇನ್ನು ಮರ್ಯಾದೆಯ ವಿಷಯ. ಅವರಿಗೂ ನೀನು, ನೀವು ಬೇರೆ ಬೇರೆ. ಸಲಿಗೆಯವರಿಗೆ ‘ಸಿಲ್ ತೆ ಪ್ಲೆ’, ಗೌರವದವರಿಗೆ ‘ಸಿಲ್ ವು ಪ್ಲೆ’. ಹಾಗಾಗಿ ಆರ್.ಎಸ್.ವಿ.ಪಿ.ಯ ‘ವಿ’ ಅಂದರೆ ನಮ್ಮ ‘ತಮಗೆ’.

ಒಂದು ಎಚ್ಚರ. ಇದನ್ನು ‘ಇಷ್ಟವಿದ್ದರೆ ಉತ್ತರಿಸಿ’ ಅಂತ ಕನ್ನಡಕ್ಕೆ ತಂದರೆ ಕೆಡುತ್ತದೆ. ಫ್ರೆಂಚರು ಆ ‘ಆದರೆ’ಯನ್ನು ಷರತ್ತಾಗಿ ಕೇಳುವುದೇ ಇಲ್ಲ. ನಾವು ‘ದಯವಿಟ್ಟು’ ಅನ್ನುವಾಗ ‘ದಯೆಯನ್ನು ಇಟ್ಟು’ ಅಂತ ಬಿಡಿಸಿ ಯೋಚಿಸುತ್ತೇವಾ? ಇಲ್ಲ. ಹಾಗೆಯೇ ಅವರದ್ದು. ಉತ್ತರ ಕೊಡುವುದು ಇಷ್ಟಕ್ಕೆ ಬಿಟ್ಟದ್ದಲ್ಲ, ಕೊಡಲೇಬೇಕು. ಬರುವುದು ಬಿಡುವುದು ಮಾತ್ರ ಅತಿಥಿಯ ಅನುಕೂಲ.

ಫ್ರಾನ್ಸಿನಲ್ಲಿ ಈಗ ಆಮಂತ್ರಣದಲ್ಲಿ ‘ಇಂಥ ದಿನದ ಮೊದಲು ಉತ್ತರ ಅಪೇಕ್ಷಿತ’ ಅನ್ನುವ ಅರ್ಥ ಬರುವ ಫ್ರೆಂಚ್ ವಾಕ್ಯವನ್ನೂ ಪೂರ್ತಿ ಬರೆಯುತ್ತಾರೆ. ನಾಲ್ಕಕ್ಷರವೇ ಆಗಬೇಕೆಂಬ ಹಟ ಅಲ್ಲಿಯೂ ಇಲ್ಲ.

ಹೊಸದುರ್ಗದ ಸೊಸೆ

ನಾನು ಹುಟ್ಟಿದ್ದು ಮಲಯಾಳ ಮನೆಯಲ್ಲಿ, ಸೇರಿದ್ದು ಕನ್ನಡ ಮನೆಗೆ. ಎರಡೂ ಕಡೆಯ ಕಾಗದ ನೋಡಿದ್ದೇನೆ. ಮಲಯಾಳದಲ್ಲಿ ಆಮಂತ್ರಣಕ್ಕೆ ‘ಕ್ಷಣ’ ಅನ್ನುತ್ತಾರೆ, ಕಾಗದಕ್ಕೆ ‘ಕ್ಷಣಕ್ಕತ್ತ್’. ಮೊದಲ ಸಲ ನನ್ನ ಅತ್ತೆ ಅದನ್ನು ಕೇಳಿ, ಒಂದು ಕ್ಷಣಕ್ಕೆ ಬಂದು ಹೋಗಲಿಕ್ಕೆ ಕರೆಯುತ್ತಿದ್ದಾರೋ ಅಂತ ನೊಂದುಕೊಂಡಿದ್ದರು. ಅರ್ಥ ಹೇಳಿದ ಮೇಲೆ ಸಮಾಧಾನವಾಯಿತು. ತುಳುವಿನ ‘ಲೆಪ್ಪೋಲೆ’ ನನಗೆ ಎಲ್ಲಕ್ಕಿಂತ ಚಂದ ಕಾಣುತ್ತದೆ. ಕರೆಯ ಓಲೆ, ಕರೆಯೋಲೆ, ಅಷ್ಟೇ.

ಫ್ರೆಂಚ್ ನಮಗೆ ಅಷ್ಟು ದೂರದ್ದಲ್ಲ ಅಂತಲೂ ಹೇಳಬೇಕು. ಕಾಸರಗೋಡಿನಿಂದ ಕೋಝಿಕ್ಕೋಡಿಗೆ ರೈಲಿನಲ್ಲಿ ಹೋಗುವಾಗ ತಲಶ್ಶೇರಿ ದಾಟಿದರೆ ಮಾಹಿ, ನಮ್ಮ ಬಾಯಲ್ಲಿ ಮಯ್ಯಳಿ. 1954ರ ಜುಲೈ 16ರವರೆಗೆ ಅಲ್ಲಿ ಫ್ರೆಂಚರ ಆಡಳಿತ ಇತ್ತು. ಸುತ್ತ ಕೇರಳ ಇದ್ದರೂ ಇವತ್ತಿಗೂ ಅದು ಪುದುಚೇರಿಗೆ ಸೇರಿದ್ದು.

ಕೂಡ್ಲಿನ ಕನ್ನಡಿಗ

ಅರ್ಥ ತಿಳಿಯಿತು, ಒಳ್ಳೆಯದಾಯಿತು. ಆದರೆ ನನ್ನ ಪ್ರಶ್ನೆ ಬೇರೆ. ನಮ್ಮ ಮಗಳ ಮದುವೆಗೆ ನಮ್ಮವರನ್ನು ಕರೆಯಲಿಕ್ಕೆ ಇಂಗ್ಲಿಷರ ಮೂಲಕ ಬಂದ ಫ್ರೆಂಚ್ ಯಾಕೆ ಬೇಕು? 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡ ಉಳಿದದ್ದು ಶಾಲೆಯಲ್ಲಿ, ದೇವಸ್ಥಾನದ ನೋಟೀಸಿನಲ್ಲಿ, ಯಕ್ಷಗಾನದಲ್ಲಿ, ಮದುವೆ ಕಾಗದದಲ್ಲಿ. ಸರಕಾರಿ ಕಾಗದ ಕನ್ನಡದಲ್ಲಿ ಸಿಗಬೇಕಾದರೆ ನಾವು ಕೇಳಬೇಕು, ಪುನಃ ಕೇಳಬೇಕು. ಮದುವೆ ಕಾಗದಕ್ಕೆ ಯಾರ ಅಪ್ಪಣೆಯೂ ಬೇಡ. ಅದರಲ್ಲಿಯೂ ನಾವೇ ಅರ್ಥವಾಗದ ನಾಲ್ಕಕ್ಷರ ಹಾಕಿದರೆ ಯಾರನ್ನು ದೂರುವುದು? ಕನ್ನಡ ಬದಿಯಲ್ಲಿ ಅದು ಬೇಡವೇ ಬೇಡ.

ಮುಳ್ಳೇರಿಯ ಅಡಿಗೆಯವ

ಅಣ್ಣ, ನೀವು ಹೇಳಿದ್ದು ಒಪ್ಪಿದೆ, ಶಬ್ದ ಬೇಡ. ಆದರೆ ಆ ಶಬ್ದ ಮಾಡುವ ಕೆಲಸ ಬೇಕು. ಅದು ಅಡಿಗೆಯವನಿಗೆ ಗೊತ್ತು.

ನಾನು ಇಪ್ಪತ್ತು ವರ್ಷದಿಂದ ಜೆಂಬರಗಳಿಗೆ ಹೋಗುತ್ತಿದ್ದೇನೆ. ನಮ್ಮ ಮೊದಲ ಪ್ರಶ್ನೆ, “ಎಷ್ಟು ಎಲೆ?” ಅಕ್ಕಿ, ಕಾಯಿ, ಬೆಲ್ಲ, ತರಕಾರಿ, ಸೌದೆ ಎಲ್ಲ ಆ ಒಂದು ಲೆಕ್ಕದ ಮೇಲೆ ನಿಂತದ್ದು. ಮನೆಯವರು ‘ಆರುನೂರು ಆಗಬಹುದು, ಎಂಟುನೂರೂ ಆಗಬಹುದು’ ಅಂದರೆ ನಾವು ಎಂಟುನೂರಕ್ಕೇ ಇಳಿಯಬೇಕು, ಯಾಕೆಂದರೆ ಎಲೆ ಮುಂದೆ ಕುಳಿತವರಿಗೆ ಅನ್ನ ಇಲ್ಲ ಅನ್ನಲಿಕ್ಕೆ ಬಾರದು. ಮೇಲಾರ, ಅವಿಲು, ಕಾಯಿಹಾಲಿನ ಪಾಯಸ, ಇವೆಲ್ಲ ಹಸಿ ಕಾಯಿಯ ಪದಾರ್ಥ. ಸೆಕೆಗಾಲದಲ್ಲಿ ಸಂಜೆಗೆ ಹಳಸುತ್ತದೆ. ಹೋಳಿಗೆ ಮರುದಿನಕ್ಕೆ ಇಡಬಹುದು, ಮೇಲಾರ ಇಡಲಿಕ್ಕಾಗುವುದಿಲ್ಲ. ಅಷ್ಟು ಕಾಯಿ ತುರಿದು, ಕಡೆದು, ಕುದಿಸಿದ್ದನ್ನು ಗುಂಡಿಗೆ ಸುರಿಯುವಾಗ ನನಗೆ ಹೊಟ್ಟೆ ಉರಿಯುತ್ತದೆ. ಲೆಕ್ಕ ಇಷ್ಟು ತಪ್ಪುವುದು ಮೊದಲು ಇರಲಿಲ್ಲ.

ಮೊದಲು ಯಾಕೆ ತಪ್ಪುತ್ತಿರಲಿಲ್ಲ ಅಂದರೆ, ಹೇಳಿಕೆ ಕೊಡಲಿಕ್ಕೆ ಮನೆಮನೆಗೆ ಹೋಗುತ್ತಿದ್ದರು. ಜಗಲಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, “ಹಿಂದಿನ ದಿನವೇ ಬರಬೇಕು, ಎಲ್ಲರೂ ಬರಬೇಕು” ಅನ್ನುವಾಗಲೇ ಉತ್ತರ ಮುಖದಲ್ಲಿ ಕಾಣುತ್ತಿತ್ತು. “ಸೊಸೆಗೆ ತಿಂಗಳು ತುಂಬಿದೆ” ಅಂದರೆ ಆ ಮನೆಯಿಂದ ಇಬ್ಬರೇ. “ಮಕ್ಕಳೂ ಬಂದಿದ್ದಾರೆ” ಅಂದರೆ ಆರು. ಹಿಂದಿನ ರಾತ್ರಿ ಬೆಂದಿಗೆ ಕೊರೆಯಲಿಕ್ಕೆ (ತರಕಾರಿ ಹೆಚ್ಚಲಿಕ್ಕೆ) ಎಷ್ಟು ಜನ ಬಂದರು ಅಂತ ನೋಡಿದರೆ ನಾಳೆ ಎಷ್ಟು ಹಂತಿ (ಊಟದ ಸಾಲು) ಆದೀತು ಅಂತ ಹಿರಿಯ ಅಡಿಗೆಯವರು ಹೇಳುತ್ತಿದ್ದರು. ಈಗ ಕಾಗದದ ಫೋಟೋ ಮೊಬೈಲಿಗೆ ಹೋಗುತ್ತದೆ, ಆ ಕಡೆಯಿಂದ ಒಂದು ಹೆಬ್ಬೆರಳಿನ ಚಿತ್ರ ಬರುತ್ತದೆ. ಆ ಹೆಬ್ಬೆರಳು ಎಷ್ಟು ಎಲೆ?

ಉಪ್ಪಳದವ, ದುಬೈಯಿಂದ

ಅಡಿಗೆಯಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮ ನಿಕಾಹಿನ ಊಟದಲ್ಲಿಯೂ ಇದೇ ಕಷ್ಟ. ಬಿರಿಯಾನಿ ಕಡಿಮೆ ಬಿದ್ದರೆ ಮನೆಯವರ ಮಾನ ಹೋದ ಹಾಗೆ, ಅದಕ್ಕೆ ಹೆಚ್ಚೇ ಮಾಡಿಸುತ್ತಾರೆ.

ಇಲ್ಲಿ ಬಂದ ಹೊಸದರಲ್ಲಿ ಒಂದು ಸಂಗತಿ ಆಯಿತು. ಕೆಲಸದ ಜಾಗದಲ್ಲಿ ಒಬ್ಬರು ಮನೆಯ ಊಟಕ್ಕೆ ಕರೆದು ಕಾರ್ಡ್ ಕೊಟ್ಟರು. ಅಡಿಯಲ್ಲಿ ‘ರಿಗ್ರೆಟ್ಸ್ ಓನ್ಲಿ’ ಅಂತ ಇತ್ತು. ನನಗೆ ಅರ್ಥವಾಗಲಿಲ್ಲ, ಕೇಳಲಿಕ್ಕೆ ಸಂಕೋಚ. ಆ ದಿನ ಹೋಗಲಿಕ್ಕೆ ಆಗಲಿಲ್ಲ, ಹೇಳಲೂ ಇಲ್ಲ. ಮಾರನೆಯ ದಿನ ತಿಳಿಯಿತು: ಬಾರದವರು ಮಾತ್ರ ತಿಳಿಸಿ, ತಿಳಿಸದಿದ್ದರೆ ಬರುತ್ತೀರಿ ಅಂತಲೇ ಲೆಕ್ಕ, ಅಂತ ಅದರ ಅರ್ಥ. ಅವರು ನನ್ನ ಹೆಸರಿನಲ್ಲಿ ಕುರ್ಚಿ ಇಟ್ಟು, ತಟ್ಟೆ ಇಟ್ಟು ಕಾದಿದ್ದರು. ಅವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಇವತ್ತಿಗೂ ಅದು ನೆನಪಾದರೆ ಕಸಿವಿಸಿ.

ಅಂದಿನಿಂದ ಯಾರೇ ಕರೆದರೂ ಎರಡು ದಿನದೊಳಗೆ ‘ಬರುತ್ತೇನೆ’ ಅಥವಾ ‘ಬರಲಿಕ್ಕಾಗುವುದಿಲ್ಲ, ಕ್ಷಮಿಸಿ’ ಅಂತ ಹೇಳುತ್ತೇನೆ. ಊರಿನವರಿಗೆ ಎರಡನೆಯದನ್ನು ಹೇಳುವುದು ಮಾತ್ರ ಬಹಳ ಕಷ್ಟ.

ಬೆಂಗಳೂರಿನಲ್ಲಿರುವ ನೀರ್ಚಾಲಿನ ಹುಡುಗಿ

ಇಲ್ಲಿ ನಮ್ಮ ಆಫೀಸಿನಲ್ಲಿ ಅದು ಕ್ರಿಯಾಪದವೇ ಆಗಿಬಿಟ್ಟಿದೆ. “ಆರ್‌ಎಸ್‌ವಿಪಿ ಮಾಡಿದ್ಯಾ?” ಅಂತ ಕೇಳುತ್ತಾರೆ. ಇಂಗ್ಲಿಷಿನಲ್ಲಿಯೂ ಅದಕ್ಕೆ ಭೂತಕಾಲದ ಪ್ರತ್ಯಯ ಹಚ್ಚಿ ಬಳಸುತ್ತಾರೆ. ಲಿಂಕ್ ಒತ್ತಿದರೆ ಹೌದು, ಇಲ್ಲ, ಎಷ್ಟು ಜನ, ಅಷ್ಟೇ. ಅತ್ತೆ, ನೀವೂ ಒಂದು ಗೂಗಲ್ ಫಾರ್ಮ್ ಮಾಡಿದರೆ ಸುಲಭ. ನಾನು ಮಾಡಿಕೊಡುತ್ತೇನೆ.

ಆದರೆ ದುಬೈಯ ಅಣ್ಣ ಹೇಳಿದ್ದು ನನ್ನನ್ನೂ ಕಾಡುತ್ತದೆ. ನಮ್ಮ ಕಡೆ ‘ಬರುವುದಿಲ್ಲ’ ಅನ್ನುವ ಮಾತು ಬಾಯಿಂದ ಹೊರಡುವುದಿಲ್ಲ. ಹೊರಡುವಾಗ ‘ಹೋಗುತ್ತೇನೆ’ ಅನ್ನಬಾರದು, ‘ಬರುತ್ತೇನೆ’ ಅನ್ನಬೇಕು ಅಂತ ಅಜ್ಜಿ ಕಲಿಸಿದ್ದು. ಹಾಗಿರುವಾಗ ಮಂಗಲಕಾರ್ಯಕ್ಕೆ ಕರೆದವರ ಮುಖದ ಎದುರು ಇಲ್ಲ ಅನ್ನುವುದು ಹೇಗೆ? ಹಾಗಾಗಿ ಎಲ್ಲರೂ ‘ನೋಡುವ’ ಅನ್ನುತ್ತಾರೆ. ‘ನೋಡುವ’ ಅಂದರೆ ಬರುತ್ತಾರೋ ಇಲ್ಲವೋ ದೇವರಿಗೇ ಗೊತ್ತು. ಫಾರ್ಮಿನಲ್ಲಿ ‘ನೋಡುವ’ ಅಂತ ಮೂರನೆಯ ಗುಂಡಿ ಇಟ್ಟರೆ ಎಲ್ಲರೂ ಅದನ್ನೇ ಒತ್ತಿಯಾರು.

ಕೂಡ್ಲಿನ ಕನ್ನಡಿಗ

ಅದೇ ನನ್ನ ಮಾತು. ಬರುತ್ತೀರೋ ಇಲ್ಲವೋ ಅಂತ ಕೇಳುವುದೇ ನಮ್ಮ ಕ್ರಮ ಅಲ್ಲ. ನಾವು ಕರೆಯುವುದು ‘ಬರಬೇಕು’ ಅಂತ. ತುಳುವಿನಲ್ಲಿ ‘ಮಾತೆರ್ಲಾ ಬರೊಡು’. ಅದರಲ್ಲಿ ‘ಇಲ್ಲ’ಕ್ಕೆ ಜಾಗವೇ ಇಲ್ಲ, ಒತ್ತಾಯದಲ್ಲೇ ಪ್ರೀತಿ ಇರುವುದು. ‘ನಿಮಗೆ ಹಿತವಾದರೆ’ ಅಂತ ಕರೆಯುವುದು ಅವರ ಮರ್ಯಾದೆ ಇರಬಹುದು, ನಮ್ಮಲ್ಲಿ ‘ಸಾಧ್ಯವಾದರೆ ಬನ್ನಿ’ ಅಂದರೆ ಯಾರೂ ಬರಲಿಕ್ಕಿಲ್ಲ. ಬರಬೇಡಿ ಅಂದ ಹಾಗೆ ಅದು.

ಎಡನೀರಿನ ವ್ಯಾಕರಣ ವಿದ್ಯಾರ್ಥಿ

ಹಿರಿಯರ ನಡುವೆ ಮಾತಾಡುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ‘ನಮ್ಮ ಕ್ರಮ ಅಲ್ಲ’ ಅಂದದ್ದಕ್ಕೆ ಒಂದು ಮಾತು ಹೇಳಬೇಕು ಅನ್ನಿಸಿತು.

ಪಾಣಿನಿಯ ಸಂಸ್ಕೃತ ವ್ಯಾಕರಣದ ಮೂರನೆಯ ಅಧ್ಯಾಯದಲ್ಲಿ ಒಂದು ಸೂತ್ರ ಉಂಟು: ‘ವಿಧಿನಿಮಂತ್ರಣಾಮಂತ್ರಣಾಧೀಷ್ಟಸಂಪ್ರಶ್ನಪ್ರಾರ್ಥನೇಷು ಲಿಙ್’. ಕ್ರಿಯಾಪದಕ್ಕೆ ‘ಮಾಡಲಿ, ಮಾಡಬೇಕು’ ಅನ್ನುವಂಥ ಅರ್ಥ ಕೊಡುವ ಲಿಙ್ ಪ್ರತ್ಯಯ ಯಾವ ಯಾವ ಅರ್ಥದಲ್ಲಿ ಬರುತ್ತದೆ ಅಂತ ಹೇಳುವುದು. ಅದರಲ್ಲಿ ನಿಮಂತ್ರಣ, ಆಮಂತ್ರಣ ಎರಡನ್ನೂ ಬೇರೆ ಬೇರೆ ಎಣಿಸಿದ್ದಾರೆ. ನಾವು ಈಗ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಸೂತ್ರಕಾರರಿಗೆ ಅವು ಎರಡು. ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿ ಅದನ್ನು ಬಿಡಿಸಿ ಹೇಳುತ್ತದೆ. ನಿಮಂತ್ರಣ ಅಂದರೆ ಬಿಡಲಾಗದ ಕರೆ. ಶ್ರಾದ್ಧದ ಊಟಕ್ಕೆ ಮಗಳ ಮಗನನ್ನು ಕರೆದ ಹಾಗೆ, ಬರಲೇಬೇಕು. ಆಮಂತ್ರಣ ಅಂದರೆ ಕಾಮಚಾರಾನುಜ್ಞೆ. ಯಾರನ್ನು ಕರೆಯುತ್ತೇವೋ ಅವನ ಇಚ್ಛೆಗೆ ಬಿಟ್ಟು, ಅವನ ಸ್ವಾತಂತ್ರ್ಯಕ್ಕೆ ಒಪ್ಪಿಗೆ ಕೊಟ್ಟು ಕರೆಯುವುದು.

ಅಂದರೆ ‘ನಿಮಗೆ ಹಿತವಾದರೆ’ ಅನ್ನುವ ಭಾವ ಫ್ರೆಂಚಿನಿಂದ ತರಬೇಕಾದ್ದಲ್ಲ. ನಾವು ಕಾಗದದ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವ ‘ವಿವಾಹ ಆಮಂತ್ರಣ’ ಅನ್ನುವ ಮಾತಿನೊಳಗೇ ಅದು ಉಂಟು. ಕಾಗದದ ಮೇಲೆ ಆಮಂತ್ರಣ ಅಂತ ಬರೆದು ಮನಸ್ಸಿನಲ್ಲಿ ನಿಮಂತ್ರಣ ಇಟ್ಟುಕೊಂಡರೆ ಬರಲಾಗದವರು ಇಲ್ಲ ಅನ್ನಲೂ ಆಗದೆ ಸುಮ್ಮನಾಗುತ್ತಾರೆ. ‘ನೋಡುವ’ ಹುಟ್ಟಿದ್ದು ಅಲ್ಲಿಂದ ಅಂತ ನನಗೆ ತೋರುತ್ತದೆ.

ಪೆರ್ಲದ ನಿವೃತ್ತ ಟೀಚರ್

ಮಗೂ, ಇದನ್ನು ನಾನು ಕೇಳಿರಲಿಲ್ಲ. ಬಹಳ ಸಂತೋಷವಾಯಿತು. ನಲುವತ್ತು ವರ್ಷ ಮಕ್ಕಳಿಗೆ ಎರಡೂ ಸಮಾನಾರ್ಥಕ ಅಂತಲೇ ಕಲಿಸಿದ್ದೇನೆ.

ಕೂಡ್ಲಿನ ಕನ್ನಡಿಗ

ಒಪ್ಪಿದೆ. ನಮ್ಮದರಲ್ಲೇ ಇರುವ ಭಾವ ಅಂತಾದರೆ ಕನ್ನಡದಲ್ಲಿ ಚೊಕ್ಕವಾಗಿ ಹೇಳುವ. ಯಾರಾದರೂ ವಾಕ್ಯ ಕೊಡಿ.

ಕುಂಬಳೆಯ ಡಿಟಿಪಿ

ನನ್ನ ಸಲಹೆ: ‘ದಯವಿಟ್ಟು ಉತ್ತರಿಸಿ’. ಎರಡೇ ಶಬ್ದ, ಮೂಲೆಯಲ್ಲಿ ಹಿಡಿಯುತ್ತದೆ.

ಪೆರ್ಲದ ನಿವೃತ್ತ ಟೀಚರ್

ಅರ್ಥ ಸರಿ, ಆದರೆ ‘ಕೆಳಗಿನ ಯಾವುದಾದರೂ ಐದು ಪ್ರಶ್ನೆಗಳಿಗೆ ಉತ್ತರಿಸಿ’ ನೆನಪಾಗುತ್ತದೆ. ಪರೀಕ್ಷೆಯ ವಾಸನೆ. ‘ತಮ್ಮ ಬರವನ್ನು ತಿಳಿಸಿ’ ಅಂತ ಯೋಚಿಸಿದೆ. ಬರವು ಅಂದರೆ ಬರುವಿಕೆ, ಹಳೆಯ ಚಂದದ ಶಬ್ದ. ಆದರೆ ಈಗಿನವರಿಗೆ ಮಳೆ ಬಾರದ ‘ಬರ’ವೇ ಮೊದಲು ಕಾಣುತ್ತದೆ. ಮಂಗಲಪತ್ರಿಕೆಗೆ ಅದು ಬೇಡ.

ಪುದುಚೇರಿಯಲ್ಲಿರುವ ಮಂಜೇಶ್ವರದವ

‘ತಮ್ಮ ಆಗಮನವನ್ನು ಮುಂಚಿತವಾಗಿ ಖಚಿತಪಡಿಸಿ’ ಹೇಗೆ?

ಹೊಸದುರ್ಗದ ಸೊಸೆ

ಅದು ಲಾಡ್ಜಿನಲ್ಲಿ ರೂಮ್ ಬುಕ್ ಮಾಡಿದ ಹಾಗೆ ಕೇಳುತ್ತದೆ ಅಣ್ಣ. ನನ್ನ ಮಾವ ಬರೆಯುತ್ತಿದ್ದ ಹಳೆಯ ಕಾಗದಗಳಲ್ಲಿ ‘ದಯಮಾಡಿಸೋಣವಾಗಲಿ’, ‘ತಿಳಿಸೋಣವಾಗಲಿ’ ಅಂತ ಇರುತ್ತಿತ್ತು. ಅದರಲ್ಲಿ ಅಪ್ಪಣೆಯೂ ಇಲ್ಲ, ಯಾಚನೆಯೂ ಇಲ್ಲ. ಹಿರಿಯರಿಗೆ, ಕಿರಿಯರಿಗೆ ಇಬ್ಬರಿಗೂ ಸಲ್ಲುತ್ತದೆ. ‘ಬರುವ ವಿಚಾರ ಒಂದು ಮಾತು ತಿಳಿಸೋಣವಾಗಲಿ’ ಅಂದರೆ?

ಬದಿಯಡ್ಕದ ತಾಯಿ

ಇದು ಮನಸ್ಸಿಗೆ ಹಿಡಿಯಿತು. ಆದರೆ ಬಾರದವರೂ ಸಂಕೋಚ ಇಲ್ಲದೆ ಹೇಳಬೇಕು ಅಂತ ನನಗೆ ಆಸೆ. ಪ್ರಾಯ ಆದವರು, ದೂರದವರು, ಮನೆಯಲ್ಲಿ ಸೂತಕ ಇರುವವರು, ಅವರೆಲ್ಲ ಹೇಳಲಿಕ್ಕಾಗದೆ ಒದ್ದಾಡುವುದು ಬೇಡ. ‘ಬರಲಿಕ್ಕಾಗದಿದ್ದರೂ ತಿಳಿಸಿ’ ಅಂತ ಎರಡನೆಯ ಸಾಲು ಹಾಕಿದೆ. ನಮ್ಮ ಅತ್ತೆಗೆ ಓದಿ ಹೇಳಿದೆ. ಅವರಿಗೆ ಎಂಬತ್ತಾರು. “ಮದುವೆ ಕಾಗದದಲ್ಲಿ ‘ಆಗದೆ’ ಅನ್ನುವ ಮಾತು ಬರಬಾರದು” ಅಂದರು. ಅವರ ಮಾತು ತೆಗೆದುಹಾಕಲಿಕ್ಕೆ ನನಗೆ ಮನಸ್ಸಿಲ್ಲ.

ಎಡನೀರಿನ ವ್ಯಾಕರಣ ವಿದ್ಯಾರ್ಥಿ

ನಕಾರ ಇಲ್ಲದೆ ಎರಡನ್ನೂ ಹೇಳಬಹುದಲ್ಲ ಅಮ್ಮ. ‘ಅನುಕೂಲ ಹೇಗಿದ್ದರೂ ಒಂದು ಮಾತು ತಿಳಿಸೋಣವಾಗಲಿ.’

ಪೆರ್ಲದ ನಿವೃತ್ತ ಟೀಚರ್

‘ಅನುಕೂಲ ಹೇಗಿದ್ದರೂ’. ಸೊಗಸಾಯಿತು. ‘ಸಿಲ್ ವು ಪ್ಲೆ’ಯ ‘ಹಿತ’ವೂ ಬಂತು, ಬಾರದವರಿಗೆ ದಾರಿಯೂ ಆಯಿತು, ಅಮಂಗಲದ ಶಬ್ದವೂ ಇಲ್ಲ. ಇದಕ್ಕೊಂದು ದಿನಾಂಕ ಸೇರಿಸಿ. ದಿನಾಂಕ ಇಲ್ಲದಿದ್ದರೆ ಎಲ್ಲರೂ ಮದುವೆಯ ಹಿಂದಿನ ದಿನ ತಿಳಿಸುತ್ತಾರೆ.

ಬದಿಯಡ್ಕದ ತಾಯಿ

ಪ್ರೂಫ್ ತಿದ್ದಿ ಕೊಟ್ಟಾಯಿತು. ಕನ್ನಡ ಬದಿಯಲ್ಲಿ ಈಗ ಹೀಗೆ ಉಂಟು:

‘ಅನುಕೂಲ ಹೇಗಿದ್ದರೂ ಏಪ್ರಿಲ್ 25ರೊಳಗೆ ಒಂದು ಮಾತು ತಿಳಿಸೋಣವಾಗಲಿ.’

ಅದರಡಿ ಮೈದುನನ ಒಬ್ಬನ ಹೆಸರು, ಅವನ ಫೋನ್ ನಂಬ್ರ. ಭಾವನವರ, ಅಣ್ಣನ ಹೆಸರು ಬಲಗಡೆ ‘ಸುಖಾಗಮನಾಭಿಲಾಷಿಗಳು’ ಅಂತ ಬೇರೆಯೇ ಬಂತು, ಯಾರಿಗೂ ಬೇಸರ ಇಲ್ಲ. ಇಂಗ್ಲಿಷ್ ಬದಿಯಲ್ಲಿ ಆರ್.ಎಸ್.ವಿ.ಪಿ. ಉಳಿಸಿದ್ದೇವೆ, ಅದಕ್ಕೂ ಅದೇ ದಿನಾಂಕ, ಅದೇ ನಂಬ್ರ. ಅದರ ಮುಂದೆ ‘ಪ್ಲೀಸ್’ ಇಲ್ಲ. ನೀರ್ಚಾಲಿನ ಮಗಳು ಮಾಡಿಕೊಡುವ ಫಾರ್ಮ್ ಮಗಳ ಸ್ನೇಹಿತೆಯರಿಗೆ ಮಾತ್ರ ಕಳಿಸುತ್ತೇವೆ. ಹತ್ತಿರದ ಮನೆಗಳಿಗೆ ನಾನೂ ಅವರೂ ನಡೆದೇ ಹೋಗಿ ಹೇಳಿಕೆ ಕೊಡುವುದು ಅಂತ ತೀರ್ಮಾನ.

ಮೈದುನನಿಗೆ ಬರೆಯಲಿಕ್ಕೆ ಒಂದು ಪುಸ್ತಕ ಕೊಟ್ಟಿದ್ದೇನೆ. ದೊಡ್ಡಪ್ಪನ ಮನೆಯಲ್ಲಿ ಆ ತಂತಿ ಇನ್ನೂ ಇದೆಯಾ ಅಂತ ಕೇಳಿದೆ, ಅಟ್ಟದಲ್ಲಿ ಹುಡುಕುತ್ತೇನೆ ಅಂದಿದ್ದಾನೆ ತಮ್ಮ.

ಮುಳ್ಳೇರಿಯ ಅಡಿಗೆಯವ

ಒಳ್ಳೆಯದಾಯಿತು ಅಕ್ಕ. 26ಕ್ಕೆ ನನಗೆ ಎಲೆ ಲೆಕ್ಕ ಹೇಳಿ, ಅದನ್ನು ನೋಡಿಯೇ ಕಾಯಿ, ಬೆಲ್ಲದ ಪಟ್ಟಿ ಕೊಡುತ್ತೇನೆ. ಹಿಂದಿನ ರಾತ್ರಿ ಬೆಂದಿಗೆ ಕೊರೆಯಲಿಕ್ಕೆ ಬರುವವರ ಲೆಕ್ಕ ಬೇರೆ ಬರೆಯಲಿಕ್ಕೆ ಹೇಳಿ, ಅವರಿಗೆ ರಾತ್ರಿ ಊಟಕ್ಕೂ ಅಕ್ಕಿ ಹಾಕಬೇಕಲ್ಲ.